ಯಕ್ಷಗಾನದ ವಿಡಿಯೋ ಸಂಕಲನಕ್ಕೂ ಕ್ಯಾಡ್ ಕೆಲಸಕ್ಕೂ ಒಂದೇ ಗ್ರಾಫಿಕ್ಸ್ ಕಾರ್ಡ್: ಯಾವುದನ್ನು ಕೊಳ್ಳಬೇಕು?

ಪ್ರಶ್ನೆ (ಶಿರಸಿಯಿಂದ)

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ನಾನೂ ನನ್ನ ತಂಗಿಯೂ ಒಂದೇ ಕಂಪ್ಯೂಟರಿನಲ್ಲಿ ಎರಡು ಬೇರೆ ಬೇರೆ ಕೆಲಸ ಮಾಡುತ್ತೇವೆ. ನನ್ನದು ಯಕ್ಷಗಾನ ಬಯಲಾಟಗಳ ಚಿತ್ರೀಕರಣ ಮತ್ತು ಸಂಕಲನ. ಎರಡು ಕ್ಯಾಮೆರಾಗಳಲ್ಲಿ 4ಕೆ ಚಿತ್ರೀಕರಿಸಿ ಡಾವಿಂಚಿ ರಿಸಾಲ್ವ್ ಸ್ಟುಡಿಯೋ ಎಂಬ ಸಂಕಲನ ತಂತ್ರಾಂಶದಲ್ಲಿ ಜೋಡಿಸುತ್ತೇನೆ. ತಂಗಿ ಆಟೋಕ್ಯಾಡ್‌ನಲ್ಲಿ ಮನೆಗಳ ನಕ್ಷೆ ಬರೆಯುತ್ತಾಳೆ. ಜೊತೆಗೆ, ಅಡಿಕೆ ಸುಲಿಯುವ ಯಂತ್ರ ಮತ್ತು ಡ್ರೈಯರ್ ತಯಾರಿಸುವ ವರ್ಕ್‌ಶಾಪ್ ಒಂದಕ್ಕೆ ಸಾಲಿಡ್‌ವರ್ಕ್ಸ್‌ನಲ್ಲಿ ಬಿಡಿಭಾಗಗಳ ವಿನ್ಯಾಸ ಮಾಡಿಕೊಡುತ್ತಾಳೆ.

ಈಗಿರುವುದು 4 ಜಿಬಿ ಮೆಮೊರಿಯ ಹಳೆಯ ಕಾರ್ಡ್. ರಾತ್ರಿಯ ದೃಶ್ಯಗಳಿಗೆ ನಾಯ್ಸ್ ರಿಡಕ್ಷನ್ (ಕತ್ತಲೆಯಲ್ಲಿ ಚಿತ್ರದ ಮೇಲೆ ಮೂಡುವ ಕಾಳುಗಳಂಥ ಚುಕ್ಕೆಗಳನ್ನು ಅಳಿಸುವ ಸೌಲಭ್ಯ) ಹಾಕಿದ ಕೂಡಲೇ ಮೆಮೊರಿ ತುಂಬಿದೆ ಎಂಬ ಸಂದೇಶ ಬಂದು ಕೆಲಸ ನಿಂತುಬಿಡುತ್ತದೆ. ಹುಬ್ಬಳ್ಳಿಯಲ್ಲಿ ವಿಚಾರಿಸಿದಾಗ ಒಬ್ಬ ಅಂಗಡಿಯವರು ಗೇಮಿಂಗ್ ಕಾರ್ಡೇ ಸಾಕು ಎಂದರು. ಇನ್ನೊಬ್ಬರು ಕ್ಯಾಡ್, ಅಂದರೆ ಕಂಪ್ಯೂಟರಿನಲ್ಲಿ ವಿನ್ಯಾಸ, ಮಾಡುವವರು ವೃತ್ತಿಪರ ಕೆಲಸಕ್ಕೆಂದೇ ತಯಾರಾದ ವರ್ಕ್‌ಸ್ಟೇಷನ್ ಕಾರ್ಡನ್ನೇ ಹಾಕಬೇಕೆಂದು ಪಟ್ಟುಹಿಡಿದರು. ವರ್ಕ್‌ಸ್ಟೇಷನ್ ಬಗೆಯ ಎನ್ವಿಡಿಯಾ ಆರ್‌ಟಿಎಕ್ಸ್ 2000 ಅಡಾ ಮತ್ತು ಗೇಮಿಂಗ್ ಬಗೆಯ ಜಿಫೋರ್ಸ್ ಆರ್‌ಟಿಎಕ್ಸ್ 4060 ಟಿಐ, ಎರಡೂ 16 ಜಿಬಿಯವು, ನನ್ನ ಪಟ್ಟಿಯಲ್ಲಿವೆ. ಪ್ರೊಸೆಸರ್ ಇಂಟೆಲ್ ಕೋರ್ ಐ7-12700, ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ ಘಟಕ) 450 ವ್ಯಾಟ್. 70,000 ರೂಪಾಯಿಗಿಂತ ಹೆಚ್ಚು ವ್ಯಯಿಸುವ ಸ್ಥಿತಿಯಲ್ಲಿ ನಾವಿಲ್ಲ. ಅನುಭವಿಗಳು ದಾರಿ ತೋರಿಸಬೇಕಾಗಿ ವಿನಂತಿ.

ಉತ್ತರ (ಕುಮಟಾದಿಂದ)

ನಮಸ್ಕಾರ. ನಾನು ಕ್ಯಾಡ್ ಕೆಲಸದವನಾದ್ದರಿಂದ ನಿಮ್ಮ ತಂಗಿಯವರ ಕಡೆಯಿಂದ ಹೇಳುತ್ತೇನೆ. ಕ್ಯಾಡ್ ಎಂಬ ಒಂದೇ ಹೆಸರಿನಡಿ ಎಲ್ಲ ತಂತ್ರಾಂಶಗಳನ್ನೂ ಸೇರಿಸಿ ಸಲಹೆ ಕೊಡುವುದರಿಂದಲೇ ಈ ಗೊಂದಲ ಹುಟ್ಟುತ್ತದೆ. ಮನೆಯ ನಕ್ಷೆಯಂಥ ಎರಡು ಆಯಾಮದ ಕೆಲಸದಲ್ಲಿ ಆಟೋಕ್ಯಾಡ್ ಬಹುಪಾಲು ಪ್ರೊಸೆಸರಿನ ಒಂದೇ ಕೋರಿನ ವೇಗವನ್ನು ನೆಚ್ಚಿಕೊಂಡಿರುತ್ತದೆ. ಅಲ್ಲಿ ಕಾರ್ಡಿಗೆ ಎಷ್ಟು ಹಣ ಸುರಿದರೂ ರೇಖೆಗಳು ಬೇಗ ಮೂಡುವುದಿಲ್ಲ. ಮೂರು ಆಯಾಮಕ್ಕೆ ಹೋದರೂ ಆಟೋಡೆಸ್ಕ್‌ನ ಆಟೋಕ್ಯಾಡ್, ರೆವಿಟ್, ಇನ್ವೆಂಟರ್ ಇವೆಲ್ಲ ಪರದೆಯ ಮೇಲೆ ಚಿತ್ರ ಮೂಡಿಸಲು ಡೈರೆಕ್ಟ್‌ಎಕ್ಸ್ ಎಂಬ ವ್ಯವಸ್ಥೆ ಬಳಸುತ್ತವೆ. ಕಂಪ್ಯೂಟರ್ ಗೇಮ್‌ಗಳಿಗಾಗಿ ತಯಾರಾದ ಜಿಫೋರ್ಸ್ ಕಾರ್ಡುಗಳು ಅದನ್ನು ಚೆನ್ನಾಗಿಯೇ ನಿಭಾಯಿಸುತ್ತವೆ.

ಸಾಲಿಡ್‌ವರ್ಕ್ಸ್‌ನ ವಿಚಾರ ಬೇರೆ. ಅದು ಓಪನ್‌ಜಿಎಲ್ ಎಂಬ ಇನ್ನೊಂದು ವ್ಯವಸ್ಥೆಯ ಮೇಲೆ ನಿಂತಿದೆ, ಮತ್ತು ಎನ್ವಿಡಿಯಾ ಆ ಬಗೆಯ ಕೆಲಸಕ್ಕಾಗಿ ಪಳಗಿಸಿದ, ಸಾಲಿಡ್‌ವರ್ಕ್ಸ್ ಪರೀಕ್ಷಿಸಿ ಪ್ರಮಾಣೀಕರಿಸಿದ ಡ್ರೈವರ್‌ಗಳು (ಕಾರ್ಡನ್ನು ನಡೆಸುವ ತಂತ್ರಾಂಶ) ದೊರೆಯುವುದು ವರ್ಕ್‌ಸ್ಟೇಷನ್ ಕಾರ್ಡುಗಳಿಗೆ ಮಾತ್ರ. ಲೋಹದ ಹೊಳಪನ್ನೂ ಪ್ರತಿಫಲನವನ್ನೂ ಕೆಲಸ ಮಾಡುತ್ತಿರುವಾಗಲೇ ತೋರಿಸುವ ರಿಯಲ್‌ವ್ಯೂ ಎಂಬ ಸೌಲಭ್ಯ ಜಿಫೋರ್ಸ್‌ನಲ್ಲಿ ತೆರೆದುಕೊಳ್ಳುವುದಿಲ್ಲ. ಪರದೆಯ ಮೇಲೆ ಅಂಚುಗಳು ಮಾಯವಾಗುವಂಥ ತೊಂದರೆ ಬಂದು ಸಹಾಯ ಕೇಳಿದರೆ, ಮೊದಲು ನೋಡುವುದೇ ಕಾರ್ಡ್ ಮತ್ತು ಡ್ರೈವರ್ ಪ್ರಮಾಣಿತ ಪಟ್ಟಿಯಲ್ಲಿವೆಯೇ ಎಂಬುದನ್ನು.

ಆದ್ದರಿಂದ ಎರಡು ಸಂಗತಿ ತಿಳಿಸಿ: ತಂಗಿಯವರ ಅಸೆಂಬ್ಲಿಗಳಲ್ಲಿ (ಬಿಡಿಭಾಗಗಳನ್ನು ಜೋಡಿಸಿದ ಯಂತ್ರದ ಮಾದರಿಗಳಲ್ಲಿ) ಹೆಚ್ಚೆಂದರೆ ಎಷ್ಟು ಭಾಗಗಳಿರುತ್ತವೆ? ಅವರು ರಿಯಲ್‌ವ್ಯೂ ಬಳಸುತ್ತಾರೆಯೇ?

ಪ್ರಶ್ನಿಸಿದವರು (ಶಿರಸಿಯಿಂದ)

ತಂಗಿಯನ್ನು ಕೇಳಿದೆ. ದೊಡ್ಡ ಯಂತ್ರವೆಂದರೂ ಬೋಲ್ಟು ನಟ್ಟುಗಳೆಲ್ಲ ಸೇರಿ ಇನ್ನೂರು ಭಾಗಗಳ ಆಸುಪಾಸು. ರಿಯಲ್‌ವ್ಯೂ ಬಳಸುವುದಿಲ್ಲ, ವರ್ಕ್‌ಶಾಪಿನವರಿಗೆ ಅಳತೆ ನಮೂದಿಸಿದ ಡ್ರಾಯಿಂಗ್ ಕೊಟ್ಟರೆ ಸಾಕಾಗುತ್ತದೆ. ನನ್ನ ಕ್ಯಾಮೆರಾಗಳೆರಡೂ ಸೋನಿಯವು, ಬಣ್ಣದ ವಿವರವನ್ನು ಹೆಚ್ಚು ಉಳಿಸಿಕೊಳ್ಳುವ 10 ಬಿಟ್ 4:2:2ರಲ್ಲಿ, ಎಕ್ಸ್‌ಎವಿಸಿ ಎಸ್ ಎಂಬ ಸೋನಿಯದೇ ಕಡತದ ರೂಪದಲ್ಲಿ ದಾಖಲಿಸುತ್ತವೆ.

ಉತ್ತರ (ಕಾರವಾರದಿಂದ)

ನಿಮ್ಮ ಕೊನೆಯ ವಾಕ್ಯವೇ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಅದನ್ನು ಯಾವ ಅಂಗಡಿಯವರೂ ಕೇಳದೆ ಕಾರ್ಡ್ ಸೂಚಿಸಿದ್ದು ನನಗೆ ಬೇಸರದ ಸಂಗತಿ.

ಕ್ಯಾಮೆರಾ ಚಿತ್ರವನ್ನು ಅದುಮಿ ಇಡುತ್ತದೆ. ಸಂಕಲನದ ವೇಳೆ ಅದನ್ನು ಮತ್ತೆ ಬಿಡಿಸುವ ಕೆಲಸ, ಅಂದರೆ ಡಿಕೋಡಿಂಗ್, ಕಾರ್ಡಿನ ಸಾಮಾನ್ಯ ಕೋರ್‌ಗಳಲ್ಲಿ ನಡೆಯುವುದಿಲ್ಲ. ಅದಕ್ಕೆಂದೇ ಮೀಸಲಾದ ಪ್ರತ್ಯೇಕ ಭಾಗವೊಂದು ಚಿಪ್ಪಿನಲ್ಲಿರುತ್ತದೆ. ಆ ಭಾಗಕ್ಕೆ ಗೊತ್ತಿಲ್ಲದ ರೂಪದಲ್ಲಿ ಚಿತ್ರ ಬಂದರೆ ಇಡೀ ಭಾರ ಪ್ರೊಸೆಸರಿನ ಮೇಲೆ ಬೀಳುತ್ತದೆ, ಆಗ ಎಷ್ಟು ದೊಡ್ಡ ಕಾರ್ಡಿದ್ದರೂ ಟೈಮ್‌ಲೈನ್ ತಡವರಿಸುತ್ತದೆ. ನೀವು ಪಟ್ಟಿ ಮಾಡಿದ ಎರಡೂ ಕಾರ್ಡುಗಳು ಎನ್ವಿಡಿಯಾದ ಅಡಾ ಪೀಳಿಗೆಯವು, ಮತ್ತು ಆ ಪೀಳಿಗೆಯ ಯಾವ ಕಾರ್ಡೂ 4:2:2 ರೂಪದ ಎಚ್.264 ಅಥವಾ ಎಚ್.265 (ಇವೆರಡೂ ಚಿತ್ರವನ್ನು ಅದುಮುವ ವಿಧಾನಗಳು) ಚಿತ್ರವನ್ನು ಯಂತ್ರಾಂಶದಲ್ಲಿ ಬಿಡಿಸಲಾರದು. ಎನ್ವಿಡಿಯಾ ಈ ಸಾಮರ್ಥ್ಯವನ್ನು ತಂದದ್ದು 2025ರಲ್ಲಿ ಬಂದ ಬ್ಲ್ಯಾಕ್‌ವೆಲ್ ಪೀಳಿಗೆಯಲ್ಲಿ, ಅಂದರೆ ಜಿಫೋರ್ಸ್‌ನ 50 ಸರಣಿಯಲ್ಲಿ. ನಿಮ್ಮ ಪ್ರೊಸೆಸರಿನ ಒಳಗಿರುವ ಇಂಟೆಲ್ ಗ್ರಾಫಿಕ್ಸ್‌ಗೆ ಎಚ್.265ರ 10 ಬಿಟ್ 4:2:2 ಬಿಡಿಸಲು ಬರುತ್ತದೆ, ಆದರೆ ಎಚ್.264ರ 4:2:2 ಬರುವುದಿಲ್ಲ. ನಿಮ್ಮ ಎಕ್ಸ್‌ಎವಿಸಿ ಎಸ್ ಎಚ್.264ರ ಕುಲಕ್ಕೆ ಸೇರಿದ್ದು. ಹಾಗಾಗಿ ಈಗ ನಿಮ್ಮ ಯಂತ್ರದಲ್ಲಿ ಈ ಚಿತ್ರಗಳನ್ನು ಬಿಡಿಸಲು ಯಾವ ನೆರವೂ ಇಲ್ಲ.

ಇದರಿಂದ ಎರಡು ದಾರಿ ಕಾಣುತ್ತವೆ. ಖರ್ಚಿಲ್ಲದ ದಾರಿಯೆಂದರೆ, ನಿಮ್ಮ ಕ್ಯಾಮೆರಾದಲ್ಲಿ ಎಕ್ಸ್‌ಎವಿಸಿ ಎಚ್‌ಎಸ್ ಎಂಬ ಆಯ್ಕೆಯಿದ್ದರೆ ಅದಕ್ಕೆ ಬದಲಾಯಿಸುವುದು. ಅದು ಎಚ್.265. ಬಯಾಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಪ್ರೊಸೆಸರಿನ ಗ್ರಾಫಿಕ್ಸ್ ಚಾಲೂ ಮಾಡಿ, ರಿಸಾಲ್ವ್‌ನ ಡಿಕೋಡ್ ಆಯ್ಕೆಗಳಲ್ಲಿ ಇಂಟೆಲ್ ಅನ್ನು ಗುರುತು ಮಾಡಿ. ಮುಂದಿನ ಆಟದಿಂದಲೇ ವ್ಯತ್ಯಾಸ ಕಾಣುತ್ತದೆ. ಇನ್ನೊಂದು, ಈಗಾಗಲೇ ಸಂಗ್ರಹವಾಗಿರುವ ಹಳೆಯ ಚಿತ್ರಗಳೂ ಸರಾಗವಾಗಿ ಓಡಬೇಕೆಂದರೆ, ಬ್ಲ್ಯಾಕ್‌ವೆಲ್ ಕಾರ್ಡನ್ನೇ ಕೊಳ್ಳುವುದು.

ಮೆಮೊರಿಯ ಪ್ರಶ್ನೆಗೆ ಬರುತ್ತೇನೆ. 4ಕೆ ಚಿತ್ರದ ಒಂದು ಫ್ರೇಮಿನಲ್ಲಿ 3840 ಗುಣಿಸು 2160 ಬಿಂದುಗಳಿವೆ. 32 ಬಿಟ್‌ನ ನಿಖರತೆಯಲ್ಲಿ ನಾಲ್ಕು ಚಾನೆಲ್‌ಗಳನ್ನು ಲೆಕ್ಕ ಹಾಕಿದರೆ ಒಂದೇ ಫ್ರೇಮ್ ಸುಮಾರು 133 ಎಂಬಿಯಾಗುತ್ತದೆ. ಟೆಂಪೊರಲ್ ನಾಯ್ಸ್ ರಿಡಕ್ಷನ್ ಹಿಂದಿನ ಮತ್ತು ಮುಂದಿನ ಫ್ರೇಮ್‌ಗಳನ್ನೂ ಒಟ್ಟಿಗೆ ಹಿಡಿದುಕೊಂಡು, ಯಾವುದು ನಿಜವಾದ ಚಲನೆ, ಯಾವುದು ಕತ್ತಲೆಯಿಂದ ಹುಟ್ಟಿದ ಕಾಳು ಎಂದು ಹೋಲಿಸುತ್ತದೆ. ಅದರ ಮೇಲೆ ಬಣ್ಣ ತಿದ್ದುವ ಹಂತಗಳು, ಎರಡನೆಯ ಕ್ಯಾಮೆರಾ, ತಂತ್ರಾಂಶದ ಸ್ವಂತ ಬಳಕೆ ಎಲ್ಲ ಸೇರಿದರೆ 4 ಜಿಬಿ ತುಂಬುವುದು ಸಹಜ. ರಂಗಸ್ಥಳದ ಮೇಲೆ ಪ್ರಖರ ಬೆಳಕು, ಹಿಂದೆ ಗಾಢ ಕತ್ತಲೆ, ನಡುವೆ ಕಿರೀಟದ ಮಿನುಗು ಇರುವ ದೃಶ್ಯಗಳಲ್ಲಿ ಈ ಸೌಲಭ್ಯವನ್ನು ಬಿಡಲಾಗುವುದಿಲ್ಲ. ಕೆಂಪು ಹಸಿರು ವೇಷಗಳ ಅಂಚು ಶುದ್ಧವಾಗಿ ಉಳಿಯಬೇಕೆಂದರೆ 4:2:2 ಕೂಡ ಬೇಕು, ಅದನ್ನು ಕೈಬಿಡಬೇಡಿ. 8 ಜಿಬಿಯ ಕಾರ್ಡ್ ಅಗ್ಗವೆಂದು ಯಾರೇ ಹೇಳಿದರೂ 16 ಜಿಬಿಗಿಂತ ಕೆಳಗಿಳಿಯಬೇಡಿ.

ನನ್ನ ಆಯ್ಕೆ ಜಿಫೋರ್ಸ್ ಆರ್‌ಟಿಎಕ್ಸ್ 5060 ಟಿಐ, 16 ಜಿಬಿಯದು. ಇದೇ ಹೆಸರಿನಲ್ಲಿ 8 ಜಿಬಿಯ ಕಾರ್ಡೂ ಮಾರಾಟದಲ್ಲಿದೆ; ಬಿಲ್ಲಿನಲ್ಲಿ 16 ಜಿಬಿ ಎಂದು ಬರೆಸಿಕೊಳ್ಳಿ. ಡ್ರೈವರ್ ಹಾಕುವಾಗ ಗೇಮ್ ರೆಡಿ ಬೇಡ, ಸ್ಟುಡಿಯೋ ಡ್ರೈವರ್ ಇರಲಿ.

ಉತ್ತರ (ಕುಮಟಾದಿಂದ)

ಇನ್ನೂರು ಭಾಗಗಳ ಅಸೆಂಬ್ಲಿ, ರಿಯಲ್‌ವ್ಯೂ ಬೇಡ ಎಂದಮೇಲೆ ಕಾರವಾರದವರ ಮಾತಿಗೆ ನನ್ನ ಒಪ್ಪಿಗೆಯಿದೆ, ಆದರೂ ಒಂದು ಷರತ್ತು. ಸಾಲಿಡ್‌ವರ್ಕ್ಸ್‌ನಿಂದ ಬರುವ ಆದಾಯವೇ ಮನೆಯ ಮುಖ್ಯ ಆಧಾರವಾಗಿದ್ದರೆ, ಅಥವಾ ವರ್ಕ್‌ಶಾಪಿನವರು ಮುಂದೆ ಪೂರ್ತಿ ಡ್ರೈಯರ್ ಘಟಕದಂಥ ದೊಡ್ಡ ವಿನ್ಯಾಸ ಕೊಡುವ ಸೂಚನೆಯಿದ್ದರೆ, ಬ್ಲ್ಯಾಕ್‌ವೆಲ್ ಪೀಳಿಗೆಯದೇ ಆದ ಆರ್‌ಟಿಎಕ್ಸ್ ಪ್ರೊ 2000 ಎಂಬ ವರ್ಕ್‌ಸ್ಟೇಷನ್ ಕಾರ್ಡಿನ ಬೆಲೆಯನ್ನೂ ಕೇಳಿ ನೋಡಿ. ಅದರಲ್ಲೂ 16 ಜಿಬಿ ಇದೆ, ವಿದ್ಯುತ್ ಬಳಕೆ 70 ವ್ಯಾಟ್ ಮಾತ್ರ. ನಾಯ್ಸ್ ರಿಡಕ್ಷನ್‌ನ ವೇಗದಲ್ಲಿ ಅದು 5060 ಟಿಐಗಿಂತ ಹಿಂದೆ ಬೀಳುತ್ತದೆ, ಆದರೆ ತಂಗಿಯವರಿಗೆ ಪ್ರಮಾಣಿತ ಡ್ರೈವರ್ ದೊರೆಯುತ್ತದೆ. ಎರಡರಲ್ಲಿ ಯಾವುದು ನಿಮ್ಮ ಬಜೆಟ್ಟಿನೊಳಗೆ ಬರುತ್ತದೋ ಎಂಬುದೂ ನಿರ್ಧಾರವನ್ನು ಸುಲಭ ಮಾಡೀತು.

ಉತ್ತರ (ಹೊನ್ನಾವರದಿಂದ)

ಕಾರ್ಡಿನ ಚರ್ಚೆಯಲ್ಲಿ ಇಡೀ ಯಂತ್ರದ ವಿದ್ಯುತ್ ಲೆಕ್ಕವನ್ನು ಯಾರೂ ಹಾಕಿಲ್ಲ. 5060 ಟಿಐ 180 ವ್ಯಾಟ್‌ನ ಕಾರ್ಡ್. ಅದಕ್ಕೆ ಎನ್ವಿಡಿಯಾ 600 ವ್ಯಾಟ್‌ನ ಎಸ್‌ಎಂಪಿಎಸ್ ಸೂಚಿಸುತ್ತದೆ. ಐ7-12700 ಕೂಡ ಪೂರ್ಣ ಭಾರದಲ್ಲಿ 180 ವ್ಯಾಟ್‌ವರೆಗೆ ಎಳೆಯುತ್ತದೆ. ಇವೆರಡೇ 360 ವ್ಯಾಟ್. ನಮ್ಮ ಕಡೆ ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್‌ನ ನಿಜವಾದ ಸಾಮರ್ಥ್ಯವೂ ಅಷ್ಟೇ, ಮಾನಿಟರಿಗೆ ಏನೂ ಉಳಿಯುವುದಿಲ್ಲ. ರೆಂಡರ್ ನಡೆಯುವಾಗ ಕರೆಂಟ್ ಹೋದರೆ ಯುಪಿಎಸ್ ಆ ಕ್ಷಣವೇ ಕೈಚೆಲ್ಲುತ್ತದೆ. 1000 ವಿಎ ಅಥವಾ ಅದಕ್ಕಿಂತ ಮೇಲಿನ, ಸೈನ್ ವೇವ್ ಕೊಡುವ ಯುಪಿಎಸ್ ಹಾಕಿ. ಮನೆಯ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿಗೆ ಈ ಯಂತ್ರವನ್ನು ಜೋಡಿಸಬೇಡಿ. ಶಿರಸಿಯಲ್ಲಿ ಗುಡುಗು ಸಿಡಿಲಿನ ದಿನಗಳಲ್ಲಿ ಪ್ಲಗ್ಗಿನ ಜೊತೆಗೆ ಇಂಟರ್ನೆಟ್ ಕೇಬಲನ್ನೂ ಕಳಚಿಡುವುದು ಅಗತ್ಯ. ಮಳೆಗಾಲದಲ್ಲಿ ಚಿತ್ರೀಕರಣವಿಲ್ಲವೆಂದು ಕಂಪ್ಯೂಟರನ್ನು ತಿಂಗಳುಗಟ್ಟಲೆ ಮುಚ್ಚಿಡದೆ, ಆಗಾಗ ಚಾಲೂ ಮಾಡಿ ಒಳಗೆ ಬೆಚ್ಚಗಾಗಲು ಬಿಡಿ, ತೇವ ಕೂರುವುದಿಲ್ಲ.

ಪ್ರಶ್ನಿಸಿದವರು (ಶಿರಸಿಯಿಂದ)

ಮೂವರಿಗೂ ಹೃತ್ಪೂರ್ವಕ ಧನ್ಯವಾದ. ನನ್ನ ಕ್ಯಾಮೆರಾಗಳಲ್ಲಿ ಎಕ್ಸ್‌ಎವಿಸಿ ಎಚ್‌ಎಸ್ ಇದೆ. ನಿನ್ನೆ ಪರೀಕ್ಷೆಗಾಗಿ ದಾಖಲಿಸಿದ ತುಣುಕು, ಇಂಟೆಲ್ ಗ್ರಾಫಿಕ್ಸ್ ಚಾಲೂ ಮಾಡಿದ ಮೇಲೆ, ಹಳೆಯ ಕಾರ್ಡಿನಲ್ಲೇ ತಡೆಯಿಲ್ಲದೆ ಓಡಿತು. ಆದರೆ ಹಿಂದಿನ ವರ್ಷಗಳ ಆಟಗಳೆಲ್ಲ ಎಚ್.264ರಲ್ಲಿವೆ, ಮೇಳದವರು ಅವುಗಳನ್ನು ಮತ್ತೆ ಸಂಕಲಿಸಿ ಕೊಡಲು ಕೇಳುತ್ತಿದ್ದಾರೆ. ಆದ್ದರಿಂದ 5060 ಟಿಐ 16 ಜಿಬಿ ಕೊಳ್ಳುವುದೆಂದು ತಂಗಿಯೂ ನಾನೂ ತೀರ್ಮಾನಿಸಿದ್ದೇವೆ. ದೊಡ್ಡ ವಿನ್ಯಾಸ ಸದ್ಯಕ್ಕಿಲ್ಲ ಎಂದು ವರ್ಕ್‌ಶಾಪಿನವರು ತಿಳಿಸಿದ್ದಾರೆ. ಉಳಿಯುವ ಹಣದಲ್ಲಿ 650 ವ್ಯಾಟ್‌ನ ಎಸ್‌ಎಂಪಿಎಸ್ ಮತ್ತು ಸೈನ್ ವೇವ್ ಯುಪಿಎಸ್ ತರುತ್ತೇವೆ. ಹುಬ್ಬಳ್ಳಿಗೆ ಹೋಗುವಾಗ ನನ್ನ ಒಂದು ಎಚ್.264 ತುಣುಕನ್ನೂ ತಂಗಿಯ ಸುಲಿಯುವ ಯಂತ್ರದ ಅಸೆಂಬ್ಲಿಯನ್ನೂ ಪೆನ್‌ಡ್ರೈವಿನಲ್ಲಿ ಒಯ್ದು, ಅಂಗಡಿಯವರು ಒಪ್ಪಿದರೆ ಅಲ್ಲಿಯೇ ತೆರೆದು ನೋಡಿ ಹಣ ಕೊಡುತ್ತೇವೆ.