ಅಪ್‌ಡೇಟ್: ಎರಡನೆಯ ಸಲ ತಿರಸ್ಕೃತವಾಗುತ್ತಿದ್ದ ರಿಫ್ರೆಶ್ ಟೋಕನ್

ನನ್ನ ಪೈಥಾನ್ ಸ್ಕ್ರಿಪ್ಟ್ ಆಕ್ಸೆಸ್ ಟೋಕನ್ನನ್ನು (ಒಂದು ವೆಬ್ ಸೇವೆಯನ್ನು ಬಳಸಲು ತೋರಿಸಬೇಕಾದ ಅಲ್ಪಾವಧಿಯ ಸಂಕೇತ) ರಿಫ್ರೆಶ್ ಟೋಕನ್ (ಹೊಸ ಆಕ್ಸೆಸ್ ಟೋಕನ್ ಪಡೆಯಲು ಕೊಡುವ ಸಂಕೇತ) ಬಳಸಿ ಮೊದಲ ಸಲ ಸರಿಯಾಗಿಯೇ ನವೀಕರಿಸಿಕೊಂಡು, ಗಂಟೆಯ ನಂತರ ಎರಡನೆಯ ಸಲ ಮಾತ್ರ ‘ಇನ್‌ವ್ಯಾಲಿಡ್ ಗ್ರಾಂಟ್’ (ಕೊಟ್ಟ ಟೋಕನ್ ಸಲ್ಲದು) ಎಂಬ ದೋಷದೊಡನೆ 400 ಎಂಬ ದೋಷ ಸಂಖ್ಯೆಯ ಉತ್ತರ ಪಡೆಯುತ್ತಿದೆ, ಏಕೆ ಎಂದು ಎರಡು ವಾರಗಳ ಹಿಂದೆ ಕೇಳಿದ್ದೆ. ತಪ್ಪು ನನ್ನದೇ ಆಗಿತ್ತು. ಆ ಸೇವೆಯು ಪ್ರತಿ ನವೀಕರಣದಲ್ಲೂ ಹೊಸ ರಿಫ್ರೆಶ್ ಟೋಕನ್ನನ್ನೂ ಕೊಟ್ಟು ಹಳೆಯದನ್ನು ರದ್ದುಪಡಿಸುತ್ತದೆ. ನಾನಾದರೋ ಸೇವೆ ಕಳಿಸುವ ಜೇಸನ್ (ಪಠ್ಯರೂಪದ ದತ್ತಾಂಶ) ಉತ್ತರದಿಂದ ಆಕ್ಸೆಸ್ ಟೋಕನ್ ಒಂದನ್ನೇ ಎತ್ತಿಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತಿದ್ದೆ. ಹೊಸದು ಬಂದರೆ ಹಳೆಯದನ್ನು ಬಿಸಾಡಲೇಬೇಕು ಎಂದು ಓಆಥ್ ಎಂಬ ಈ ಟೋಕನ್ ಪದ್ಧತಿಯ ಮಾನದಂಡವಾದ 2012ರ ಆರ್‌ಎಫ್‌ಸಿ 6749ರ 6ನೆಯ ವಿಭಾಗದಲ್ಲಿ ಸ್ಪಷ್ಟವಾಗಿಯೇ ಇದೆ, ಓದಿರಲಿಲ್ಲ ಅಷ್ಟೆ.

ಓಆಥ್‌ಗಾಗಿ ಇರುವ ಪೈಥಾನ್ ಲೈಬ್ರರಿ ರಿಕ್ವೆಸ್ಟ್ಸ್-ಓಆಥ್‌ಲಿಬ್‌ನ ‘ಟೋಕನ್ ಅಪ್‌ಡೇಟರ್’ಗೆ (ಟೋಕನ್ ನವೀಕರಿಸಿದಾಗಲೆಲ್ಲ ಲೈಬ್ರರಿ ಕರೆಯುವ ಫಂಕ್ಷನ್ನಿನ ಜಾಗ) ಇಡೀ ಟೋಕನ್ ಡಿಕ್ಷನರಿಯನ್ನು ಫೈಲಿನಲ್ಲಿ ಉಳಿಸುವ ಫಂಕ್ಷನ್ ಕೊಟ್ಟೆ. ಎರಡು ದಿನ ಕಳೆಯುವಷ್ಟರಲ್ಲಿ ಅದೇ ದೋಷ ಮತ್ತೆ ಕಾಣಿಸಿಕೊಂಡಿತು: ನಿಗದಿತ ಸಮಯಕ್ಕೆ ಪ್ರೋಗ್ರಾಂಗಳನ್ನು ಓಡಿಸುವ ಕ್ರಾನ್ ಏಕಕಾಲಕ್ಕೆ ಎಬ್ಬಿಸುತ್ತಿದ್ದ ಎರಡು ಸ್ಕ್ರಿಪ್ಟ್‌ಗಳು ಒಂದೇ ರಿಫ್ರೆಶ್ ಟೋಕನ್ ಹಿಡಿದು ಹೋಗುತ್ತಿದ್ದವು, ಹಿಂದೆ ಬಿದ್ದದ್ದು ಸೋಲುತ್ತಿತ್ತು. ಆದ್ದರಿಂದ ಲೈಬ್ರರಿಯ ಸ್ವಯಂ ನವೀಕರಣವನ್ನು ಕೈಬಿಟ್ಟು, ಒಮ್ಮೆಗೆ ಒಂದೇ ಸ್ಕ್ರಿಪ್ಟ್ ಮುಟ್ಟುವಂತೆ ಫೈಲಿಗೆ ಲಾಕ್ ಹಾಕಿ, ಲಾಕ್ ಸಿಕ್ಕ ಮೇಲೆ ಟೋಕನ್ನನ್ನು ಇನ್ನೊಮ್ಮೆ ಓದಿ, ಅವಧಿ ಮುಗಿಯಲು 60 ಸೆಕೆಂಡಿಗಿಂತ ಕಡಿಮೆ ಉಳಿದಿದ್ದರೆ ಮಾತ್ರ ನವೀಕರಿಸುವಂತೆ ಬರೆದಿದ್ದೇನೆ. ಒಂದು ವಾರದಿಂದ ಲಾಗ್‌ನಲ್ಲಿ ಆ ದೋಷ ಕಂಡಿಲ್ಲ.