ಹೈಸ್ಪೀಡ್ ಸ್ವಿಚಿಂಗ್: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಸರ್, ನಮಸ್ಕಾರ. ಎಲೆಕ್ಟ್ರಾನಿಕ್ಸ್ ಓದಿ ಈಗಷ್ಟೇ ಟೆಲಿಕಾಂ ಕೆಲಸಕ್ಕೆ ಸೇರಿದ್ದೇನೆ. ಮೊದಲು ಸ್ವಿಚಿಂಗ್ ಕಲಿತುಕೋ ಅಂದಿದ್ದಾರೆ. ಪುಸ್ತಕ ತೆಗೆದರೆ ಸರ್ಕ್ಯೂಟ್ ಸ್ವಿಚಿಂಗ್, ಎಟಿಎಂ, ಎಂಪಿಎಲ್‌ಎಸ್, ಕ್ರಾಸ್‌ಬಾರ್, ಕ್ಲೋಸ್ ಅಂತ ಬರೀ ಹೆಸರುಗಳ ಸಂತೆ. ಸ್ವಿಚ್ ಮಾಡುವುದು ವಿಳಾಸ ನೋಡಿ ಆಚೆ ಕಳಿಸುವ ಕೆಲಸ ಅಷ್ಟೇ ಅಲ್ವಾ? ಅದರಲ್ಲಿ ಅಂಥ ಕಷ್ಟ ಏನಿದೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಹೆಸರುಗಳು ಸದ್ಯಕ್ಕೆ ಪಕ್ಕಕ್ಕಿರಲಿ. ವಿಳಾಸ ನೋಡುವುದೂ ಸುಲಭ, ಕಳಿಸುವುದೂ ಸುಲಭ. ಅದಕ್ಕೆ ಎಷ್ಟು ಹೊತ್ತು ಸಿಗುತ್ತದೆ ಅನ್ನುವುದೇ ತಲೆನೋವು.

ಒಂದು ಕಾಗದದಲ್ಲಿ ಲೆಕ್ಕ ಹಾಕಿ. ಈಥರ್ನೆಟ್‌ನ ಅತಿ ಚಿಕ್ಕ ಫ್ರೇಮ್ (ಒಟ್ಟಿಗೆ ಸಾಗುವ ಡೇಟಾದ ಒಂದು ಕಟ್ಟು) 64 ಬೈಟ್. ಅದರ ಮುಂದೆ 8 ಬೈಟ್ ಪ್ರಿಆಂಬಲ್, ಅಂದರೆ ಫ್ರೇಮ್ ಬರುತ್ತಿದೆ ಅನ್ನುವ ಸೂಚನೆ. ಹಿಂದೆ 12 ಬೈಟ್‌ನಷ್ಟು ಬಿಡುವು. ಒಟ್ಟು 84 ಬೈಟ್, ಅಂದರೆ 672 ಬಿಟ್. ಪೋರ್ಟ್ ಅಂದರೆ ಸ್ವಿಚ್‌ಗೆ ಕೇಬಲ್ ಚುಚ್ಚುವ ಬಾಗಿಲು. ಸೆಕೆಂಡಿಗೆ 10 ಗಿಗಾಬಿಟ್ ಓಡುವ ಪೋರ್ಟ್‌ನಲ್ಲಿ ಇಷ್ಟು ಬಿಟ್ 67.2 ನ್ಯಾನೋಸೆಕೆಂಡ್‌ನಲ್ಲಿ ದಾಟಿಬಿಡುತ್ತವೆ. ಸೆಕೆಂಡಿಗೆ ಹೆಚ್ಚುಕಮ್ಮಿ 1 ಕೋಟಿ 49 ಲಕ್ಷ ಫ್ರೇಮ್. 100 ಗಿಗಾಬಿಟ್ ಆದರೆ ಒಂದು ಫ್ರೇಮ್‌ಗೆ ಸಿಗುವುದು 6.72 ನ್ಯಾನೋಸೆಕೆಂಡ್. ಈಗ ಕಂಪ್ಯೂಟರ್‌ನ ಮಾಮೂಲಿ ಡಿರ್ಯಾಮ್ ಮೆಮೊರಿಯನ್ನು ನೋಡಿ. ಎಲ್ಲೋ ಒಂದು ಜಾಗದಿಂದ ಡೇಟಾ ಓದಿ ತರಲು ಅದಕ್ಕೆ ಹತ್ತಾರು ನ್ಯಾನೋಸೆಕೆಂಡ್ ಬೇಕು. ಅದು ಒಂದು ಸಲ ಉತ್ತರ ಹೇಳುವಷ್ಟರಲ್ಲಿ ಇನ್ನೂ ನಾಲ್ಕೈದು ಫ್ರೇಮ್ ಬಾಗಿಲಿಗೆ ಬಂದಿರುತ್ತವೆ. ಅದೂ ಒಂದೇ ಪೋರ್ಟ್‌ನಲ್ಲಿ!

ಅದಕ್ಕೇ ಈ ಕೆಲಸವನ್ನು ಸಾಮಾನ್ಯ ಪ್ರೊಸೆಸರ್‌ಗೆ ಬಿಡದೆ ಇದಕ್ಕೆಂದೇ ಮಾಡಿದ ಚಿಪ್‌ಗೆ ಒಪ್ಪಿಸುತ್ತಾರೆ. ರೂಟ್ ಹುಡುಕಲು ಟಿಕ್ಯಾಮ್ ಅನ್ನುವ ಮೆಮೊರಿ ಬಳಸುವುದುಂಟು. ಅದು ಟೇಬಲ್ಲನ್ನು ಸಾಲಾಗಿ ಓದುತ್ತಾ ಕೂರುವುದಿಲ್ಲ, ಎಲ್ಲ ಸಾಲುಗಳನ್ನೂ ಒಟ್ಟಿಗೇ ಹೋಲಿಸುತ್ತದೆ. ಹಾಜರಿ ಕೂಗುವ ಬದಲು "ಈ ಹೆಸರಿನವರು ಕೈ ಎತ್ತಿ" ಅಂದ ಹಾಗೆ. ಆದರೆ ಬೆಲೆ ಜಾಸ್ತಿ, ಕರೆಂಟೂ ಜಾಸ್ತಿ ತಿನ್ನುತ್ತದೆ.

ಪ್ರಶ್ನೆ: ಹಾಗಾದರೆ ಚಿಪ್ ಫಾಸ್ಟ್ ಇದ್ದರೆ ಮುಗಿಯಿತಲ್ಲ ಸರ್?

ಉತ್ತರ: ಎಲ್ಲಿ ಮುಗಿಯಿತು? ಅಸಲಿ ಜಗಳ ಇರುವುದು ಒಳಗೆ. ಮೂರು ಪೋರ್ಟ್‌ನಿಂದ ಬಂದ ಫ್ರೇಮ್‌ಗಳು ಒಂದೇ ಪೋರ್ಟ್‌ಗೆ ಹೋಗಬೇಕು ಅಂದುಕೊಳ್ಳಿ. ಒಂದು ಹೋಗುತ್ತದೆ, ಎರಡು ಕಾಯಬೇಕು. ಅವನ್ನು ಬಂದ ಬಾಗಿಲಲ್ಲೇ ಒಂದು ಸಾಲಿನಲ್ಲಿ ನಿಲ್ಲಿಸಿದರೆ, ಸಾಲಿನ ತಲೆಯಲ್ಲಿರುವುದು ಅಲುಗಾಡುವ ತನಕ ಹಿಂದಿನವೂ ಅಲುಗಾಡುವಂತಿಲ್ಲ. ಅವು ಹೋಗಬೇಕಾದ ಬಾಗಿಲು ಪೂರ್ತಿ ಖಾಲಿ ಇದ್ದರೂ! ಸಿಗ್ನಲ್‌ನಲ್ಲಿ ಬಲಕ್ಕೆ ತಿರುಗುವ ಲಾರಿ ಮುಂದೆ ನಿಂತಿದ್ದರೆ, ಎಡಕ್ಕೆ ಹೋಗಬೇಕಾದ ಸ್ಕೂಟರಿನವನು ಹಿಂದೆ ಹಾರ್ನ್ ಹೊಡೆಯುತ್ತಾನಲ್ಲ, ಅದೇ ಕಥೆ. ಇದಕ್ಕೆ ಹೆಡ್ ಆಫ್ ಲೈನ್ ಬ್ಲಾಕಿಂಗ್ ಅನ್ನುತ್ತಾರೆ.

ಇದರಿಂದ ಆಗುವ ನಷ್ಟ ಸಣ್ಣದಲ್ಲ. ಪೋರ್ಟ್‌ಗಳು ತುಂಬಾ ಇದ್ದು, ಟ್ರಾಫಿಕ್ ಎಲ್ಲ ಕಡೆಗೂ ಸಮವಾಗಿ ಹಂಚಿದ್ದರೂ, ಸ್ವಿಚ್‌ನ ಶಕ್ತಿಯಲ್ಲಿ ಸುಮಾರು 58.6 ಶೇಕಡಾ ಮಾತ್ರ ಕೈಗೆ ಸಿಗುತ್ತದೆ ಅಂತ 1980ರ ದಶಕದಲ್ಲೇ ಗಣಿತದಿಂದ ತೋರಿಸಿದ್ದಾರೆ. ಮದ್ದು ಸರಳ: ಪ್ರತಿ ಒಳಬಾಗಿಲಲ್ಲೂ ಒಂದೊಂದು ಹೊರಬಾಗಿಲಿಗೆ ಬೇರೆಬೇರೆ ಸಾಲು. ಇದು ವರ್ಚುವಲ್ ಔಟ್‌ಪುಟ್ ಕ್ಯೂ. ಸಾಲು ಬೇರೆ ಮಾಡಿದ ಮೇಲೆ ಯಾವ ಸಾಲಿಗೆ ಈಗ ದಾರಿ ಬಿಡಬೇಕು ಅಂತ ಕೆಲವೇ ನ್ಯಾನೋಸೆಕೆಂಡ್‌ನಲ್ಲಿ ತೀರ್ಮಾನಿಸುವ ಶೆಡ್ಯೂಲರ್ ಬೇಕು. ನನ್ನ ಪ್ರಕಾರ ಇಡೀ ವಿಷಯದಲ್ಲಿ ಕುತೂಹಲದ ಭಾಗ ಅದು. ಒಂದು ವಾರ ಪೂರ್ತಿ ಅದಕ್ಕೇ ಕೊಡಿ.

ಕ್ಲೋಸ್ ಬಗ್ಗೆ ಎರಡು ಮಾತು. ಕ್ರಾಸ್‌ಬಾರ್ ಅಂದರೆ ಪ್ರತಿ ಒಳದಾರಿಯನ್ನೂ ಪ್ರತಿ ಹೊರದಾರಿಗೆ ಕೂಡಿಸಬಲ್ಲ ಜಾಲರಿ. ಒಂದೇ ದೊಡ್ಡ ಕ್ರಾಸ್‌ಬಾರ್‌ನಲ್ಲಿ 1000 ಒಳದಾರಿ, 1000 ಹೊರದಾರಿ ಇಟ್ಟರೆ 10 ಲಕ್ಷ ಕೂಡುಬಿಂದು ಬೇಕು. ಚಿಕ್ಕ ಚಿಕ್ಕ ಸ್ವಿಚ್‌ಗಳನ್ನು ಮೂರು ಹಂತದಲ್ಲಿ ಜೋಡಿಸಿದರೆ ತುಂಬಾ ಕಮ್ಮಿ ಸಾಕು ಅಂತ ಚಾರ್ಲ್ಸ್ ಕ್ಲೋಸ್ 1953ರಲ್ಲಿ ತೋರಿಸಿದರು, ಟೆಲಿಫೋನ್ ಎಕ್ಸ್‌ಚೇಂಜ್‌ಗಾಗಿ. ಇವತ್ತಿನ ಡೇಟಾ ಸೆಂಟರ್‌ಗಳ ಲೀಫ್-ಸ್ಪೈನ್ ಜೋಡಣೆ (ಸ್ವಿಚ್‌ಗಳನ್ನು ಎರಡು ಪದರದಲ್ಲಿ ಕೂಡಿಸುವುದು) ಅದರದೇ ಮೊಮ್ಮಗು.

ಇನ್ನೊಬ್ಬರ ಪ್ರಶ್ನೆ: ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ ಸರ್. ಎಟಿಎಂ ಈಗ ಮೂಲೆ ಸೇರಿದೆಯಲ್ಲ, ಬಿಟ್ಟುಬಿಡಬಹುದಾ?

ಉತ್ತರ: (ದುಡ್ಡು ತೆಗೆಯುವ ಎಟಿಎಂ ಅಲ್ಲ, ಧ್ವನಿ ಮತ್ತು ಡೇಟಾವನ್ನು ಒಂದೇ ಅಳತೆಯ ಚಿಕ್ಕ ತುಂಡುಗಳಲ್ಲಿ, ಅಂದರೆ ಸೆಲ್‌ಗಳಲ್ಲಿ, ಸಾಗಿಸುವ ಹಳೆಯ ವಿಧಾನ ಅಂತ ಬೇರೆಯವರಿಗೆ ಹೇಳಿಬಿಡುತ್ತೇನೆ.) ಸೆಟ್ಟಿಂಗ್‌ಗಳನ್ನು ಬಾಯಿಪಾಠ ಮಾಡಬೇಡಿ. ಆದರೆ ಅದರ ಸೆಲ್ ಯಾಕೆ 53 ಬೈಟ್ ಅಂತ ಮಾತ್ರ ತಿಳಿದುಕೊಳ್ಳಿ. ಫೋನ್ ಧ್ವನಿ ಸೆಕೆಂಡಿಗೆ 64 ಕಿಲೋಬಿಟ್, ಅಂದರೆ 8000 ಬೈಟ್. 64 ಬೈಟ್‌ನ ಸೆಲ್ ತುಂಬಲು 8 ಮಿಲಿಸೆಕೆಂಡ್ ಕಾಯಬೇಕು, 32 ಬೈಟ್‌ಗೆ 4 ಸಾಕು. ಕಾದಷ್ಟೂ ಪ್ರತಿಧ್ವನಿಯ ಕಾಟ. ಯುರೋಪಿನವರು 32 ಅಂದರು, ಅಮೆರಿಕದವರು 64 ಅಂದರು. ಕೊನೆಗೆ ನಡುವೆ 48ಕ್ಕೆ ರಾಜಿಯಾಯಿತು. ಅದಕ್ಕೆ 5 ಬೈಟ್ ಹೆಡರ್ ಸೇರಿ 53. ಹಳೆಯ ಎಟಿಎಂನ ಚಿಕ್ಕ ನಂಬರ್ ನೋಡಿ ದಾರಿ ತೋರಿಸುವ ಉಪಾಯ, ಡೇಟಾಗೆ ಲೇಬಲ್ ಅಂಟಿಸಿ ಕಳಿಸುವ ಎಂಪಿಎಲ್‌ಎಸ್‌ನಲ್ಲೂ ಇದೆ. ಅಲ್ಲಿ ಅದು 20 ಬಿಟ್‌ನ ಲೇಬಲ್.

ಮೊದಲು ಕೇಳಿದವರಿಗೆ: ವೈರ್‌ಶಾರ್ಕ್ (ಫ್ರೇಮ್‌ಗಳನ್ನು ಹಿಡಿದು ತೋರಿಸುವ ಸಾಫ್ಟ್‌ವೇರ್) ಹಾಕಿಕೊಂಡು ನಿಮ್ಮದೇ ಕಂಪ್ಯೂಟರ್‌ನ ಫ್ರೇಮ್‌ಗಳನ್ನು ಬಿಚ್ಚಿ ನೋಡಿ. ಲೂಪ್ ಮಾತ್ರ ಮಾಡಬೇಡಿ. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಂದೇ ಕೇಬಲ್‌ನ ಎರಡೂ ತುದಿಯನ್ನು ಒಂದೇ ಸ್ವಿಚ್‌ಗೆ ಚುಚ್ಚಿದ್ದೆ. ಲೂಪ್ ತಡೆಯುವ ಸ್ಪ್ಯಾನಿಂಗ್ ಟ್ರೀ ಆಫ್ ಆಗಿತ್ತು. ಈಥರ್ನೆಟ್ ಫ್ರೇಮ್‌ಗೆ ಆಯುಸ್ಸು ಅಂತ ಇಲ್ಲ, ಸುತ್ತುತ್ತಲೇ ಇರುತ್ತದೆ. ಇಡೀ ಲ್ಯಾಬ್ ಮಲಗಿತು. ಯಾರ ಕೆಲಸ ಅಂತ ಹುಡುಕುವವರ ಜೊತೆ ನಾನೂ ಸುಮ್ನೆ ಹುಡುಕುತ್ತಿದ್ದೆ.

ಪ್ರಶ್ನೆ: ಲೆಕ್ಕ ಹಾಕಿದೆ ಸರ್. 1518 ಬೈಟ್‌ನ ದೊಡ್ಡ ಫ್ರೇಮ್‌ಗೆ ಪ್ರಿಆಂಬಲ್, ಬಿಡುವಿನ ಆ 20 ಬೈಟ್ ಸೇರಿಸಿದರೆ, 10 ಗಿಗಾಬಿಟ್‌ನಲ್ಲಿ 1.23 ಮೈಕ್ರೋಸೆಕೆಂಡ್ ಬಂತು. ದೊಡ್ಡದಾದರೆ ಸ್ವಿಚ್‌ಗೆ ಆರಾಮ ಅಲ್ವಾ?

ಉತ್ತರ: ಲೆಕ್ಕ ಸರಿ. ಹುಡುಕುವ ಚಿಪ್‌ಗೆ ಆರಾಮ, ಫ್ರೇಮ್ ಇಟ್ಟುಕೊಳ್ಳುವ ಬಫರ್‌ಗೆ ಅಲ್ಲ. ಇನ್ನು ಮುಂದೆ ಯಾರಾದರೂ ಸ್ವಿಚ್ ಮಾರಲು ಬಂದು ಪೂರ್ತಿ ವೇಗ ಕೊಡುತ್ತದೆ ಅಂದರೆ, "64 ಬೈಟ್ ಫ್ರೇಮ್‌ನಲ್ಲೂನಾ?" ಅಂತ ಕೇಳಿ. ಅವರ ಮುಖ ನೋಡುತ್ತಾ ಕೇಳಿ.