ಸೋಮರ್ಟನ್ ಮನುಷ್ಯ: ವಿಷದ ವಾದಕ್ಕೆ ಆಧಾರ ಎಷ್ಟು?

ಪ್ರಶ್ನೆ: 1948ರ ಡಿಸೆಂಬರ್ 1ರಂದು ಆಸ್ಟ್ರೇಲಿಯಾದ ಅಡಿಲೇಡ್‌ನ ಸೋಮರ್ಟನ್ ಬೀಚಿನಲ್ಲಿ ಗುರುತು ಸಿಗದ ಗಂಡಸಿನ ಶವ ಸಿಕ್ಕ ಪ್ರಕರಣ. ಪರೀಕ್ಷೆಯಲ್ಲಿ ವಿಷವೇ ಸಿಗದಿದ್ದರೂ ಎಲ್ಲರೂ ವಿಷ ಅಂತಲೇ ಯಾಕೆ ಹೇಳ್ತಾರೆ? ಆತನದೆನ್ನಲಾದ ಪುಸ್ತಕದಲ್ಲಿ ಸಿಕ್ಕ ಸಂಕೇತಾಕ್ಷರ ಗೂಢಚಾರರದ್ದಾ?

ಕಡಲಕಾಗೆ: ಶವಪರೀಕ್ಷೆಯಲ್ಲಿ ಗುಲ್ಮ (ಸ್ಪ್ಲೀನ್) ಸಾಮಾನ್ಯಕ್ಕಿಂತ ಮೂರು ಪಟ್ಟು ಊದಿತ್ತು, ಹೊಟ್ಟೆಯಲ್ಲಿ ರಕ್ತ ಇತ್ತು, ಹೃದಯ ಮಾತ್ರ ಸರಿಯಿತ್ತು. ಅದಕ್ಕೇ ಸಂಶಯ. ವಿಚಾರಣೆಯಲ್ಲಿ ಡಿಜಿಟಾಲಿಸ್ ಜಾತಿಯ ಹೃದಯದ ಔಷಧಗಳ ಮಾತು ಬಂತು: ಸ್ವಲ್ಪ ಪ್ರಮಾಣವೇ ಸಾಕು, ಆ ಕಾಲದ ಪರೀಕ್ಷೆಗೆ ಸಿಗೋದು ಕಷ್ಟ. ಆದರೆ ಸಿಗಲಿಲ್ಲ ಅನ್ನೋದೇ ಪುರಾವೆ ಆಗಲ್ಲ. ಊದಿದ ಗುಲ್ಮಕ್ಕೆ ಬೇರೆ ಕಾಯಿಲೆಯೂ ಕಾರಣ ಇರಬಹುದು.

ಅಕ್ಷರಪ್ರಿಯ: ಸಂಕೇತದಲ್ಲಿ ಐದು ಸಾಲು, ಎರಡನೆಯದನ್ನು ಹೊಡೆದುಹಾಕಿದೆ, ಒಟ್ಟು 50ರ ಆಸುಪಾಸು ಅಕ್ಷರ. ಇಷ್ಟು ಚಿಕ್ಕದಕ್ಕೆ ಬೇಕಾದ ಅರ್ಥ ಹೊಂದಿಸಬಹುದು, ಆದ್ದರಿಂದ "ಬಿಡಿಸಿದೆ" ಅನ್ನೋರನ್ನ ನಂಬಬೇಡಿ. ಅಕ್ಷರಗಳ ಹಂಚಿಕೆ ಇಂಗ್ಲಿಷ್ ಪದಗಳ ಮೊದಲಕ್ಷರಕ್ಕೆ ಹೋಲುತ್ತೆ. ಹೊಡೆದ ಸಾಲೂ ನಾಲ್ಕನೆಯದೂ ಒಂದೇ ಥರ ಶುರುವಾಗ್ತವೆ. ನೆನಪಿಗೆ ಗೀಚಿದ್ದು ಅನ್ಸುತ್ತೆ.

ಕಡಲಕಾಗೆ: 2022ರಲ್ಲಿ ಪ್ರೊಫೆಸರ್ ಡೆರೆಕ್ ಅಬಾಟ್, ಶವದಿಂದ ಅಚ್ಚು ತೆಗೆದ ಪ್ಲಾಸ್ಟರ್ ಮುಖಾಕೃತಿಯಲ್ಲಿ ಸಿಕ್ಕಿಕೊಂಡಿದ್ದ ಕೂದಲಿನ ಡಿಎನ್‌ಎಯಿಂದ ಆತ ಮೆಲ್ಬರ್ನಿನ ಕಾರ್ಲ್ ವೆಬ್ ಅಂದರು. ಶವ ಕೊಳೆಯದಂತೆ ಫಾರ್ಮಾಲಿನ್ ಹಾಕಿದ್ದರು, ಅದು ಡಿಎನ್‌ಎಯನ್ನು ತುಂಡರಿಸುತ್ತೆ, ಹಾಗಾಗಿ ಕೂದಲೇ ಗತಿ. ಹೆಸರು ಸರಿಯಿದ್ದರೂ ಸಾವಿನ ಕಾರಣ ಅದರಿಂದ ಗೊತ್ತಾಗಲ್ಲ ಮಾರಾಯ್ರೆ.